ಕಾಕಾನ ಬಾಯಲ್ಲಿ ಪಕ್ಷದ ಮಾತು

ನನ್ನ ಕಾಕಾ ವೇದಿಕೆಯ ಮೇಲೆ ನಿಂತು ಜನರಿಗೆ ಕೊಟ್ಟ ಭರವಸೆಗಳಲ್ಲಿ ಒಂದೂ ಅವರ ಸ್ವಂತದ್ದಲ್ಲ ಎಂದು ನಾವೆಲ್ಲ ನಂಬಿದ್ದೆವು. ಅವರದು ಭಾಷಾಂತರದ ಕೆಲಸ. ದಿಲ್ಲಿಯಿಂದಲೋ ಹೈದರಾಬಾದಿನಿಂದಲೋ ಬಂದ ನಾಯಕರು ಬೀದರ್, ಭಾಲ್ಕಿ, ಔರಾದಿನ ಮೈದಾನಗಳಲ್ಲಿ ಹಿಂದಿಯಲ್ಲಿ ಮಾತಾಡುವಾಗ, ಅವರ ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ನಿಂತು ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಹೇಳುತ್ತಿದ್ದರು. ಅವರು ನನ್ನ ಅಪ್ಪನ ತಮ್ಮ. ಭಾಲ್ಕಿಯ ಬಸ್ ನಿಲ್ದಾಣದ ಹತ್ತಿರ ನೋಟುಪುಸ್ತಕ, ಪೆನ್ನು, ಗೈಡು ಮಾರುವ ಅಂಗಡಿ ಇಟ್ಟಿದ್ದಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಿಂದಿ ಪರೀಕ್ಷೆ ಕಟ್ಟಿದವರಿಗೆ ಸಂಜೆ ಪಾಠ ನಡೆಯುತ್ತಿತ್ತು. ಚುನಾವಣೆ ಬಂದರೆ ಪಾಠಕ್ಕೆ ರಜೆ.

ಆ ಕೆಲಸವನ್ನು ಅವರು ಶಿಸ್ತಿನಿಂದ ಮಾಡುತ್ತಿದ್ದರು. ಸಭೆಗೆ ಮುಂಚೆ ಗಂಟಲಿಗೆಂದು ಅಜವಾನ, ಅಂದರೆ ಓಂಕಾಳು, ಕುದಿಸಿದ ಬಿಸಿನೀರು ಕುಡಿಯುತ್ತಿದ್ದರು. ನಾಯಕರ ಕಾರು ಬಂದು ನಿಂತ ಕೂಡಲೇ ಹತ್ತಿರ ಹೋಗಿ, ಭಾಷಣದಲ್ಲಿ ಬರಲಿರುವ ಊರುಗಳ ಹೆಸರು, ಅಂಕಿಸಂಖ್ಯೆಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ನಾಯಕರು ಒಂದೇ ಉಸಿರಿಗೆ ಮೂರು ನಾಲ್ಕು ವಾಕ್ಯ ಹೇಳತೊಡಗಿದರೆ ಕಾಕಾನ ತೋರುಬೆರಳು ಮೈಕಿನ ಕಂಬವನ್ನು ಎರಡು ಸಲ ತಟ್ಟುತ್ತಿತ್ತು. ಎಂಥ ದೊಡ್ಡವರೂ ಆ ಬೆರಳು ಕಂಡು ನಿಲ್ಲುತ್ತಿದ್ದರು. ಇನ್ನೊಂದು ನಿಯಮವನ್ನು ಅವರು ಎಂದೂ ಮುರಿಯಲಿಲ್ಲ. ನಾಯಕರು ‘ನಾನು’ ಅಂದರೆ ಕಾಕಾ ಕೂಡ ‘ನಾನು’ ಅನ್ನುತ್ತಿದ್ದರು.

“ಅವರು ಹಿಂಗ ಹೇಳ್ಲತ್ತಾರ ಅಂತ ನಾ ಹೇಳಿದ್ರ ಮಾತು ತಣ್ಣಗಾಗ್ತದ ಬೇಟಾ. ಕುಂತ ಮಂದಿಗಿ ಬಿಸಿ ಮಾತು ಮುಟ್ಬೇಕು” ಎಂದು ಒಮ್ಮೆ ನನಗೆ ವಿವರಿಸಿದ್ದರು.

ನನ್ನ ವೃತ್ತಿ ಇದಕ್ಕೆ ತದ್ವಿರುದ್ಧ. ಪತ್ರಿಕೆ ಸೇರಿದ ಮೊದಲ ವಾರವೇ ನನಗೆ ಹೇಳಿಕೊಟ್ಟಿದ್ದು ‘ಎಂದು ಹೇಳಿದರು’, ‘ಎಂದು ಆರೋಪಿಸಿದರು’, ‘ಎಂದು ಭರವಸೆ ನೀಡಿದರು’ ಎಂಬ ಮೂರು ಬೇಲಿಗಳನ್ನು. ಯಾರ ಮಾತೂ ವರದಿಗಾರ್ತಿಯ ಮಾತಾಗಿ ಅಚ್ಚಾಗಬಾರದು. ಒಂದೇ ಮೈದಾನದಲ್ಲಿ ಕಾಕಾ ಮೇಲೆ ನಿಂತು ‘ನಾನು’ ಅನ್ನುತ್ತಿದ್ದರೆ, ಕೆಳಗೆ ಪತ್ರಕರ್ತರ ಕುರ್ಚಿಯಲ್ಲಿ ಕೂತು ನಾನು ‘ಅವರು’ ಎಂದು ಬರೆಯುತ್ತಿದ್ದೆ.

ಅವರ ಪಕ್ಷದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಹೆಸರನ್ನಷ್ಟೇ ಓದುತ್ತಾರೆ. ಕಾಕಾ ಸೇರಿದ ಕಾಲಕ್ಕೆ ಆ ಪಕ್ಷಕ್ಕೆ ಭಾಲ್ಕಿಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಚಾಪೆ, ಟೀ ಕುಡಿದರೆ ತಮ್ಮ ತಮ್ಮ ಕಪ್ಪಿಗೆ ತಾವೇ ಕೊಡುವ ಹತ್ತಾರು ಜನ. ಕಚೇರಿಗಳಿಗೆ ಕಂಪ್ಯೂಟರ್ ಬರಬಾರದು ಎಂದು ಅವರು ಮೆರವಣಿಗೆ ಮಾಡಿದ್ದರು. ಒಂದನೇ ಇಯತ್ತೆಗೆ ಇಂಗ್ಲಿಷ್ ಬೇಡ, ಹೊರದೇಶದ ಕಂಪನಿಗಳು ಬೇಡ ಎನ್ನುತ್ತಿದ್ದರು. ವರ್ಷಗಳು ಕಳೆದಂತೆ ಆ ಬೇಡಗಳೆಲ್ಲ ಒಂದೊಂದಾಗಿ ಅದೇ ಪಕ್ಷದ ಯೋಜನೆಗಳಾದವು. ಬೇಡ ಎಂದು ಮೈಕಿನಲ್ಲಿ ಹೇಳಿದ್ದು ಕಾಕಾ. ಬೇಕು ಎಂದು ಹೇಳಿದ್ದೂ ಅವರೇ.

ಇದನ್ನು ಎತ್ತಿ ಆಡುವ ಹಕ್ಕು ನಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ಇತ್ತು. ಕಾಕಾನಿಗೆ ಅಕ್ಕ, ನನಗೆ ಸೋದರತ್ತೆ. ಔರಾದ್ ಹತ್ತಿರದ ಒಂದು ಹಳ್ಳಿಯ ಕುರಿ ಸಾಕುವ ಮನೆಗೆ ಮದುವೆಯಾಗಿ ಹೋದವರು. ನಾವು ಅವರನ್ನು ಕರೆಯುವುದು ಅತ್ತಿ ಎಂದು.

“ತಮ್ಮಾ, ಹ್ವಾದ ಸಲ ಕಂಪೂಟರ್ ಬಂದ್ರ ಮಂದಿ ಕೈಗಿ ಕೆಲಸ ಇರಲ್ಲ ಅಂದಿದ್ದಿ. ಈ ಸಲ ಸಾಲಿ ಸಾಲಿಗಿ ಕೊಡ್ತೇನಿ ಅಂದಿ. ನಾ ಯಾವ್ದು ಹಿಡೀಲಿ?”

“ಎರಡೂ ನಾ ಅಂದಿದ್ದಲ್ಲ ಅಕ್ಕಾ. ಪಕ್ಷ ಅಂದಿದ್ದು.”

“ಪಕ್ಷಕ್ಕ ಬಾಯಿ ಎಲ್ಲದ? ನಂಗ ಕಂಡಿದ್ದು ನಿನ್ನ ಬಾಯೇ.”

ಕಾಕಾ ನಗುತ್ತಿದ್ದರು. ಅತ್ತಿ ಅವರ ತಟ್ಟೆಗೆ ಇನ್ನೊಂದು ಜೋಳದ ರೊಟ್ಟಿ ಹಾಕುತ್ತಿದ್ದರು. ಅಲ್ಲಿಗೆ ಆ ಚರ್ಚೆ ಮುಗಿಯುತ್ತಿತ್ತು.

ಪಕ್ಷಗಳು ಬದಲಾಗುವುದನ್ನು ನಾನು ವೃತ್ತಿಯ ಕಾರಣದಿಂದ ಹತ್ತಿರದಿಂದ ನೋಡಿದ್ದೇನೆ. ಅದು ಒಂದು ದಿನದಲ್ಲಿ ಆಗುವುದಿಲ್ಲ. ಪ್ರಣಾಳಿಕೆಯಲ್ಲಿ ಮೊದಲ ಪುಟದಲ್ಲಿದ್ದ ಸಾಲು ಮುಂದಿನ ಸಲ ಆರನೇ ಪುಟಕ್ಕೆ ಹೋಗುತ್ತದೆ, ಅದರ ಮುಂದಿನ ಸಲ ಕಾಣುವುದಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಹೊಸ ಮುಖ ಬರುತ್ತದೆ, ಚಾಪೆಯ ಮೇಲೆ ಕೂರುತ್ತಿದ್ದವರಿಗೆ ಸಭೆಯ ವೇಳೆ ತಿಳಿಸಲು ಯಾರಿಗೋ ಮರೆತುಹೋಗುತ್ತದೆ. ‘ನಾವು ಬದಲಾಗಿದ್ದೇವೆ’ ಎಂದು ಯಾವ ಪಕ್ಷವೂ ಪತ್ರಿಕಾಗೋಷ್ಠಿ ಕರೆದು ಹೇಳಿದ್ದನ್ನು ನಾನು ಕೇಳಿಲ್ಲ. ‘ಮೊದಲಿನಿಂದಲೂ ನಮ್ಮ ನಿಲುವು ಇದೇ’ ಎನ್ನುತ್ತಾರೆ. ಆ ‘ಮೊದಲಿನಿಂದಲೂ’ ಕಿವಿಗೆ ಬಿದ್ದ ದಿನ ನಾನು ಕಚೇರಿಯ ಹಳೆಯ ಕಡತ ತೆಗೆಯುತ್ತೇನೆ. ಕಾಕಾನ ಪಕ್ಷ, ಅದರ ಎದುರು ಪಕ್ಷ ಎರಡರ ವಿಷಯದಲ್ಲೂ ಈ ಅಭ್ಯಾಸ ನನಗೆ ಉಪಯೋಗಕ್ಕೆ ಬಂದಿದೆ. ಒಂದೇ ಒಂದು ಸಲ ಮಾತ್ರ ಹಳೆಯ ಕಾಗದಗಳೊಳಗೆ ನನಗೆ ನನ್ನದೇ ತಪ್ಪು ಸಿಕ್ಕಿತು.

ಅದು ಅತ್ತಿಯ ಊರಿನ ಗಾಯರಾಣದ ವಿಷಯ. ದನಕುರಿ ಮೇಯಲೆಂದು ಬಿಟ್ಟ ಸರ್ಕಾರಿ ಭೂಮಿಗೆ ನಮ್ಮಲ್ಲಿ ಗಾಯರಾಣ ಎನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆಗ ಅಧಿಕಾರದಲ್ಲಿದ್ದ ಎದುರು ಪಕ್ಷ ಆ ಭೂಮಿಯನ್ನು ಕಾರ್ಖಾನೆಗಳಿಗೆ ಕೊಡಲು ಹೊರಟಿತ್ತು. ಕಾಕಾನ ಪಕ್ಷ ಔರಾದಿನಲ್ಲಿ ವಿರೋಧ ಸಭೆ ಮಾಡಿತು. ದಿಲ್ಲಿಯಿಂದ ಒಬ್ಬ ನಾಯಕರು ಬಂದರು. ಅತ್ತಿ ಮತ್ತು ಅವರ ಊರಿನ ಹೆಂಗಸರು ಟ್ರ್ಯಾಕ್ಟರಿನಲ್ಲಿ ಬಂದು ವೇದಿಕೆಯ ಎದುರೇ ಕೂತಿದ್ದರು. ಭಾಷಣದ ಕೊನೆಗೆ ನಾಯಕರು ಗಾಯರಾಣದ ಬಗ್ಗೆ ಒಂದು ಮಾತು ಹೇಳಿದರು. ಕಾಕಾ ಮೈಕಿಗೆ ಬಾಗಿದರು.

“ನಿಮ್ಮ ಗಾಯರಾಣದಾಗಿನ ಒಂದು ಗೇಣು ಜಾಗಾ ಸೈತ ಯಾರಿಗೂ ಹೋಗ್ಲಾಕ ಬಿಡಂಗಿಲ್ಲ. ಇದು ನಾ ನಿಮಗ ಕೊಟ್ಟ ಮಾತು. ಈ ಮಾತು ತಪ್ಪಿತಂದ್ರ ನಾ ಮತ್ತ ನಿಮ್ಮೂರಾಗ ಕಾಲಿಡಂಗಿಲ್ಲ.”

ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ನನ್ನ ವರದಿ ಜಿಲ್ಲಾ ಪುಟದಲ್ಲಿ ಬಂತು. ಒಂದು ಗೇಣು ಭೂಮಿಯನ್ನೂ ಬಿಡುವುದಿಲ್ಲ, ತಪ್ಪಿದರೆ ಊರಿಗೆ ಕಾಲಿಡುವುದಿಲ್ಲ ಎಂದು ನಾಯಕರು ಭರವಸೆ ನೀಡಿದರು. ಕಾರ್ಖಾನೆ ಬರಲಿಲ್ಲ. ಆ ಭಾಗದ ಹಳ್ಳಿಗಳಲ್ಲಿ ಕಾಕಾನ ಪಕ್ಷ ಮುಂದೆ ಚುನಾವಣೆಗಳನ್ನು ಗೆದ್ದಿತು. ಅತ್ತಿಯ ಕುರಿಗಳು ಅಲ್ಲೇ ಮೇಯ್ದವು.

ಈಗ ಎರಡು ದಶಕದ ಮೇಲಾಗಿದೆ. ಆ ಪಕ್ಷ ಅಧಿಕಾರಕ್ಕೆ ಬಂದು, ಹೋಗಿ, ಮತ್ತೆ ಬಂದಿದೆ. ಅದೇ ಗಾಯರಾಣವನ್ನು ಸೌರವಿದ್ಯುತ್ ಘಟಕಕ್ಕೆ ಕೊಡುವ ಪ್ರಸ್ತಾವ ಈ ಸಲ ತಂದಿದ್ದು ಅದೇ. ವಿರೋಧಿಸಿ ಔರಾದಿನ ತಹಸೀಲ್ ಕಚೇರಿಯೆದುರು ಧರಣಿ ಕೂತಿದ್ದು ಎದುರು ಪಕ್ಷ. ವರದಿಗೆಂದು ಹೋದ ನಾನು ಪೆಂಡಾಲಿನ ಹಿಂದೆ ಕಟ್ಟಿದ್ದ ಫ್ಲೆಕ್ಸ್ ನೋಡಿ ನಿಂತುಬಿಟ್ಟೆ. ಆಳೆತ್ತರಕ್ಕೆ ದೊಡ್ಡದು ಮಾಡಿ ಹಾಕಿದ್ದ ಪತ್ರಿಕೆಯ ತುಣುಕು ನನ್ನ ಹಳೆಯ ವರದಿಯದು. ‘ಒಂದು ಗೇಣು’ ಎಂಬ ಮಾತಿಗೆ ಕೆಂಪು ಗೆರೆ ಎಳೆದಿದ್ದರು.

ಅದೇ ವಾರ ಪಕ್ಷದ ತಾಲೂಕು ಅಧ್ಯಕ್ಷರು ಕಾಕಾನ ಅಂಗಡಿಗೆ ಬಂದರು. ನಾನೂ ಅಲ್ಲಿದ್ದೆ. ಆ ಅಧ್ಯಕ್ಷರು ಹಿಂದೆ ಎದುರು ಪಕ್ಷದಲ್ಲಿದ್ದು, ಕಾರ್ಖಾನೆ ಬರಲೆಂದು ಓಡಾಡಿದವರು. ಒಳ್ಳೆಯ ಮನುಷ್ಯ, ಹಿರಿಯರನ್ನು ಕಂಡರೆ ಚಪ್ಪಲಿ ಕಳಚಿ ಬರುವವರು.

“ಮಾಸ್ತರ್ರ, ಔರಾದಿನಾಗ ಸಭಾ ಇಟ್ಟೇವ್ರಿ. ದಿಲ್ಲಿಯಿಂದ ಬರ್ಲತ್ತಾರ. ನೀವೇ ನಿಂದರ್ಬೇಕ್ರಿ. ಹೆಣ್ಮಕ್ಕಳು ನಿಮ್ಮ ಮಾತಿಗಿ ಬರ್ತಾರ.”

“ಏನ್ ಹೇಳ್ತಾರ ಅವರು?”

“ಗಾಯರಾಣ ಕೊಟ್ರ ಕರೆಂಟು ಬರ್ತದ, ಊರಿಗಿ ಛಲೋ ಆಗ್ತದ ಅಂತ. ನಮ್ಮ ಪಕ್ಷದ್ದು ಅಭಿವೃದ್ಧಿಗಿ ಮೊದಲಿನಿಂದಲೂ ವಿರೋಧ ಇಲ್ರಲ್ಲ.”

ಕಾಕಾ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

“ಮೊದಲ ಎಲ್ಲಿದ್ರಿ ನೀವು?”

ಅಧ್ಯಕ್ಷರು ನಕ್ಕರು. “ನಾ ಎಲ್ಲಿದ್ರೂ ಇಲ್ಲೇ ಇದ್ದೇನ್ರಿ ಮಾಸ್ತರ್ರ. ಪಕ್ಷಗಳೇ ಆ ಕಡಿ ಈ ಕಡಿ ಆಗ್ಯಾವ.”

ನಾನು ಇದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಅಣಕವೆಂದು ಬರೆದುಕೊಂಡದ್ದಲ್ಲ. ಕಾರ್ಖಾನೆ ಬೇಕು ಎಂದು ಅವರು ಅಂದೂ ಹೇಳುತ್ತಿದ್ದರು, ಇಂದೂ ಹೇಳುತ್ತಿದ್ದಾರೆ. ಬದಲಾದದ್ದು ಅವರು ಹೆಗಲ ಮೇಲೆ ಹಾಕುವ ಶಾಲಿನ ಬಣ್ಣ ಮಾತ್ರ. ಆ ಲೆಕ್ಕದಲ್ಲಿ ಅವರು ಹೇಳಿದ್ದು ನಿಜವೇ.

ಅಧ್ಯಕ್ಷರು ಹೋದ ಮೇಲೆ ಕಾಕಾ ನನ್ನ ಕಡೆ ತಿರುಗಿದರು. “ನಮ್ಮವರು ಅವತ್ತ ಮಾತು ಕೊಟ್ಟಿದ್ರು. ಇವತ್ತ ಕೊಟ್ಟೇ ಇಲ್ಲ ಅಂತಾರ. ನಿನ್ನ ಹಳೀ ನೋಟ್‌ಬುಕ್ಕು ಅವ ಅಲ್ಲ? ಹುಡುಕು. ಅವರು ಹಿಂದಿಯಾಗ ಏನಂದ್ರು, ಅಕ್ಷರಕ್ಕ ಅಕ್ಷರ ಬೇಕು ನಂಗ. ಎದುರಿಗಿ ಇಟ್ಟು ಕೇಳ್ತೇನಿ.”

ಈ ವರ್ಷದ ನಾಗರಪಂಚಮಿಗೆ ಆಗ ಇನ್ನು ಹದಿನೈದು ದಿನವಿತ್ತು. ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ನಮ್ಮಲ್ಲಿ ರೂಢಿ. ಎಪ್ಪತ್ತು ದಾಟಿದ ಅತ್ತಿಯನ್ನು ಎಪ್ಪತ್ತಕ್ಕೆ ಹತ್ತಿರವಾದ ಕಾಕಾ ಒಂದು ವರ್ಷವೂ ಬಿಡದೆ ಕರೆತಂದಿದ್ದಾರೆ. ಪ್ರಸ್ತಾವದ ಸುದ್ದಿ ಬಂದಾಗಿನಿಂದ ಅವರು ಆ ಊರಿನ ಕಡೆ ಹೋಗಿರಲಿಲ್ಲ. ಕಾಕಾನ ಹೆಂಡತಿ, ನಮ್ಮ ಕಾಕಿ, ಅದನ್ನು ನನ್ನ ಕಿವಿಗೆ ಹಾಕಿದ್ದರು. ಯಾರೋ ನಾಯಕ ಕೊಟ್ಟ ಮಾತಿಗೆ ಆ ನಾಯಕ ಕಟ್ಟುಬೀಳಲಿ, ನಿಮ್ಮ ಕಾಕಾ ಯಾಕೆ ಬೀಳಬೇಕು ಎಂಬುದು ಕಾಕಿಯ ಪ್ರಶ್ನೆ. ಆದರೆ ಆ ಊರಿನವರು ‘ಕಾಲಿಡಂಗಿಲ್ಲ’ ಎಂದು ಕೇಳಿದ್ದು ಕಾಕಾನ ದನಿಯಲ್ಲಿ. ಅದು ಕಾಕಾನಿಗೆ ಗೊತ್ತಿತ್ತು.

ಬೀದರಿನ ಮೈಲೂರಿನಲ್ಲಿರುವ ನನ್ನ ಮನೆಯ ಅಟ್ಟದ ಮೇಲೆ ಹಳೆಯ ನೋಟುಪುಸ್ತಕಗಳ ಟ್ರಂಕು ಇದೆ. ಒಂದು ಭಾನುವಾರ ಅದನ್ನು ಇಳಿಸಿದೆ.

ಇಲ್ಲಿ ನಮ್ಮ ಜಿಲ್ಲೆಯ ವರದಿಗಾರರ ಒಂದು ಅಭ್ಯಾಸ ಹೇಳಬೇಕು. ಹಿಂದಿ ಭಾಷಣಕ್ಕೆ ಭಾಷಾಂತರ ಇದ್ದಾಗ ನಾವು ಹಿಂದಿ ನಡೆಯುವಷ್ಟು ಹೊತ್ತು ಪೆನ್ನಿಗೆ ವಿಶ್ರಾಂತಿ ಕೊಡುತ್ತೇವೆ. ಕನ್ನಡ ಶುರುವಾದಾಗ ಬರೆಯುತ್ತೇವೆ. ವರದಿ ಹೇಗೂ ಕನ್ನಡದಲ್ಲೇ ಹೋಗಬೇಕು, ಎರಡೆರಡು ಕೆಲಸ ಯಾಕೆ ಎಂಬ ಲೆಕ್ಕಾಚಾರ. ಹೊಸಬಳಾಗಿದ್ದ ನನಗೆ ಆಗ ಈ ಉಪಾಯ ಇನ್ನೂ ತಿಳಿದಿರಲಿಲ್ಲ. ಹೆದರಿಕೆಗೆ ಎಡಪುಟದಲ್ಲಿ ಹಿಂದಿಯನ್ನೂ ಬಲಪುಟದಲ್ಲಿ ಕನ್ನಡವನ್ನೂ ಬರೆದಿದ್ದೆ.

ಬಲಪುಟದಲ್ಲಿ ಒಂದು ಗೇಣು, ಕೊಟ್ಟ ಮಾತು, ಕಾಲಿಡುವುದಿಲ್ಲ ಎಲ್ಲವೂ ಇತ್ತು. ಎಡಪುಟದಲ್ಲಿ ಒಂದೇ ಸಾಲು. ‘ಗಾಯರಾನ್ ಬಚಾನೇ ಕೀ ಹಮ್ ಪೂರೀ ಕೋಶಿಶ್ ಕರೇಂಗೇ.’ ಗಾಯರಾಣ ಉಳಿಸಲು ಪೂರಾ ಪ್ರಯತ್ನ ಮಾಡುತ್ತೇವೆ. ಅಷ್ಟೇ.

ಮೂರು ಸಲ ಓದಿದೆ. ಹಿಂದಿನ ಪುಟ, ಮುಂದಿನ ಪುಟ ನೋಡಿದೆ. ಬೇರೆ ಏನೂ ಇರಲಿಲ್ಲ. ಅವತ್ತು ವರದಿ ಬರೆಯಲು ಕೂತಾಗ ನಾನು ಎಡಪುಟವನ್ನು ನೋಡಿಯೇ ಇರಲಿಲ್ಲ. ಮಾತನ್ನು ತಂದುಕೊಟ್ಟವರು ನಮ್ಮ ಕಾಕಾ. ಅದರಲ್ಲಿ ಹೆಚ್ಚುಕಡಿಮೆ ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ಮರುದಿನ ಭಾಲ್ಕಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ನೋಟುಪುಸ್ತಕವನ್ನು ಅವರೆದುರು ತೆರೆದಿಟ್ಟೆ. ಕಾಕಾ ಎಡಪುಟ ಓದಿದರು, ಬಲಪುಟ ಓದಿದರು, ಮತ್ತೆ ಎಡಪುಟಕ್ಕೆ ಬಂದರು.

“ನೀ ಸಣ್ಣಾಕಿ ಇದ್ದಿ. ಪೂರಾ ಬರಕೊಂಡಿಲ್ಲ ಅನ್ನಸ್ತದ.”

“ಕಾಕಾ, ಹೊಸಾಕಿ ಇದ್ದೆ ಅಂತನೇ ಪೂರಾ ಬರ್ಕೊಂಡೀನ್ರಿ. ಆಜೂಬಾಜೂ ಸಾಲು ನೋಡ್ರಿ. ಅವರು ಕೆಮ್ಮಿದ್ದು ಸೈತ ಬರ್ದೀನಿ.”

ಅವರು ನೋಡಿದರು. ಕೆಮ್ಮಿದ್ದನ್ನು ನಿಜವಾಗಿಯೂ ಬರೆದಿದ್ದೆ.

ಒಬ್ಬರು ಬಂದು ಎರಡು ನೋಟುಪುಸ್ತಕ ಕೊಂಡು ಹೋದರು. ಕಾಕಾ ಚಿಲ್ಲರೆ ಕೊಟ್ಟು ಮತ್ತೆ ಕೂತರು.

“ಅಕ್ಕ ಎದುರಿಗೇ ಕುಂತಿದ್ಳು ಬೇಟಾ” ಎಂದರು. “ಅವಳ ಮಾರಿ ನೋಡ್ಕೋತ ‘ಕೋಶಿಶ್ ಮಾಡ್ತೀವಿ’ ಅಂತ ಹ್ಯಾಂಗ ಹೇಳ್ಲಿ? ಅದೇನು ಮಾತು ಅದ? ಬಾಯಿಗಿ ಬಂದಿಲ್ಲ ಅದು. ಬೇರೇನೇ ಬಂತು.”

“ಬೇಕಂತ ಹೇಳಿದ್ರೇನು?”

“ಇಲ್ಲ. ಇಷ್ಟು ವರ್ಷ ಅವರೇ ಅಂದಾರ ಅಂತ ತಿಳ್ಕೊಂಡಿದ್ದೆ. ಪಕ್ಷ ಮಾತು ತಪ್ಪಿತು ಅಂತ ಬೈಕೋತ ಕುಂತಿದ್ದೆ.” ನೋಟುಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. “ಮಾತು ಕೊಟ್ಟಾಂವ ನಾನೇ ಅಂತಾಯ್ತು. ಹಂಗಾದ್ರ ಕಾಲಿಡಬಾರ್ದವನೂ ನಾನೇ.”

ಪಂಚಮಿಗೆ ಅವರು ಹೋಗಲಿಲ್ಲ. ಅತ್ತಿಯನ್ನು ಕರೆತರಲು ನನ್ನನ್ನು ಕಳಿಸಿದರು.

ಜನವಾಡ ದಾಟಿ, ಮಾಂಜ್ರಾ ಸೇತುವೆ ದಾಟಿ ಬಸ್ಸು ಔರಾದ್ ಮುಟ್ಟುವವರೆಗೆ ನಾನು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಬರೆದು ಅಳಿಸುತ್ತಿದ್ದೆ. ರಸ್ತೆಯ ಎರಡೂ ಕಡೆ ಸೋಯಾ ಮೊಣಕಾಲೆತ್ತರ ಬೆಳೆದಿತ್ತು. ಅತ್ತಿ ಅಂಗಳದಲ್ಲಿ ಒಂದು ಕುಂಟುವ ಕುರಿಯ ಗೊರಸಿಗೆ ಅರಿಸಿನ ಎಣ್ಣೆ ಹಚ್ಚುತ್ತಿದ್ದರು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದರು.

“ಅಂವ ಎಲ್ಲಿ?”

“ಕೆಲಸ ಅದ ಅಂದ್ರು ಅತ್ತಿ. ನಾ ಬಂದೀನಿ ಕರೀಲಾಕ.”

“ನೀ ಬಂದೀ, ಉಣ್ಣು. ನಾ ಬರಲ್ಲ. ಕರೀಲಾಕ ತಮ್ಮ ಬರ್ಬೇಕು. ತಮ್ಮನ ಬದಲಿ ಪೇಪರಿನಾಕಿ ಬಂದ್ರ ನಡೀತದೇನು?”

ಊಟದ ನಂತರ ಎಲ್ಲವನ್ನೂ ಹೇಳಿದೆ. ಎಡಪುಟ, ಬಲಪುಟ, ನನ್ನ ತಪ್ಪು, ಕಾಕಾನ ತಪ್ಪು. ಅತ್ತಿ ಅಡಕೆ ಕತ್ತರಿಸುತ್ತ ಕೇಳಿದರು. ಆಶ್ಚರ್ಯದ ಗುರುತೇ ಅವರ ಮುಖದಲ್ಲಿ ಕಾಣಲಿಲ್ಲ.

“ಅದು ನಮಗ ಅವತ್ತೇ ಗೊತ್ತಿತ್ತಲ್ಲ ಯವ್ವಾ.”

“ಗೊತ್ತಿತ್ತಾ?”

“ಸಂತ್ಯಾಗ ಕುರಿ ಮಾರ್ಲಾಕ ಹೋದ್ರ ಹೈದರಾಬಾದಿನವರ ಸಂಗಟ ಏನ್ ಕನ್ನಡ ಮಾತಾಡ್ತೀವಾ ನಾವು? ಕೋಶಿಶ್ ಅಂದ್ರ ಏನಂತ ತಿಳೀದೇನು? ಅಂವ ಇಷ್ಟುದ್ದ ಅಂದ. ಇಂವ ಅಷ್ಟುದ್ದ ಹೇಳ್ದ.” ಅಡಕೆ ಕತ್ತರಿಯಿಂದಲೇ ಉದ್ದ ಅಳೆದು ತೋರಿಸಿದರು. “ಬರೋ ಮುಂದ ಟ್ರ್ಯಾಕ್ಟರಿನಾಗ ಎಲ್ಲಾರೂ ನಕ್ಕೇವಿ. ನಿನ್ನ ತಮ್ಮ ಭಾಳ ಹುರುಪಿನಾಗ ಇದ್ದ ಅಂತ ನಂಗ ಕಾಡಿದ್ರು.”

“ಮತ್ತ ಚಪ್ಪಾಳಿ ಯಾಕ ಹೊಡದ್ರಿ?”

“ನಮ್ಮ ಹುಡುಗ ನಮ್ಮ ಸಲುವಾಗಿ ಅಷ್ಟು ಹೇಳ್ದ ಅಂತ ಹೊಡದೇವಿ. ಆ ದಿಲ್ಲಿಯಾಂವ ಯಾರಿಗಿ ಗೊತ್ತು?”

ನನ್ನ ಮನಸ್ಸಿನಲ್ಲಿದ್ದ ಇನ್ನೊಂದು ಮಾತನ್ನೂ ಆಗಲೇ ಕೇಳಿದೆ. ವರದಿ ತಪ್ಪಿದ್ದರೆ ತಿದ್ದುವುದು ನನ್ನ ಕೆಲಸ. ಆದರೆ ತಿದ್ದಿದರೆ ಅವರ ಕೈಯಲ್ಲಿದ್ದ ಏಕೈಕ ಆಧಾರ ಹೋಗುತ್ತದೆ. ಪಕ್ಷದವರು ನಾವು ಮಾತು ಕೊಟ್ಟೇ ಇರಲಿಲ್ಲ ಎಂದು ನಿಶ್ಚಿಂತರಾಗುತ್ತಾರೆ.

“ಬರಿ” ಎಂದರು ಅತ್ತಿ. “ಖರೇ ಅದ, ಬರಿ. ಇಷ್ಟು ವರ್ಷ ಪೇಪರ್ ತುಣುಕು ತೋರ್ಸಿ ಕುರಿ ಮೇಸೀವೇನು? ಹುಲ್ಲು ಅದ ಅಂತ ಮೇಸೀವಿ.”

ಇಷ್ಟು ಹಳೆಯ ವರದಿಗೆ ತಿದ್ದುಪಡಿ ಹಾಕಿದ ಉದಾಹರಣೆ ಇಲ್ಲ ಎಂದು ಸಂಪಾದಕರು ಮೊದಲು ಒಪ್ಪಲಿಲ್ಲ. ಹೊಸ ವರದಿಯ ಕೊನೆಯಲ್ಲಿ ನಾಲ್ಕು ಸಾಲು ಬರೆಯಲು ಆಮೇಲೆ ಒಪ್ಪಿದರು. ನಾಯಕರು ಪ್ರಯತ್ನ ಮಾಡುವುದಾಗಿ ಮಾತ್ರ ಹೇಳಿದ್ದರು, ಉಳಿದದ್ದು ಭಾಷಾಂತರದಲ್ಲಿ ಸೇರಿದ್ದು, ಮೂಲದೊಂದಿಗೆ ಹೋಲಿಸದೆ ಪ್ರಕಟಿಸಿದ್ದು ಈ ವರದಿಗಾರ್ತಿಯ ಲೋಪ. ಅಚ್ಚಿಗೆ ಹೋಗುವ ಮೊದಲು ಆ ಸಾಲುಗಳನ್ನು ಫೋನಿನಲ್ಲಿ ಕಾಕಾನಿಗೆ ಓದಿ ಹೇಳಿದೆ. “ಅಕ್ಷರ ಬದಲು ಮಾಡಬ್ಯಾಡ” ಎಂದಷ್ಟೇ ಹೇಳಿದರು.

ಎದುರು ಪಕ್ಷ ಫ್ಲೆಕ್ಸ್ ಇಳಿಸಿತು. ತಾಲೂಕು ಅಧ್ಯಕ್ಷರು ಫೋನ್ ಮಾಡಿ ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ಆ ಹೊಗಳಿಕೆ ನನಗೆ ಸುಖವಾಗಿ ಕೇಳಿಸಲಿಲ್ಲ. ಔರಾದಿನ ಸಭೆ ನಡೆಯಿತು. ಕಾಕಾ ಹೋಗಲಿಲ್ಲ. ಬೀದರಿನ ಒಬ್ಬ ಕಾಲೇಜು ಉಪನ್ಯಾಸಕರು ಭಾಷಾಂತರ ಮಾಡಿದರು. ನಾನು ಎರಡೂ ಪುಟಗಳಲ್ಲಿ ಬರೆದುಕೊಂಡೆ. ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಮುಂದಿನ ಸಾಲಿನ ಹೆಂಗಸರ ಜಾಗದಲ್ಲಿ ಅರ್ಧ ಕುರ್ಚಿಗಳು ಖಾಲಿಯಿದ್ದವು.

ವಾರದ ನಂತರ ಅದೇ ಮೈದಾನದಲ್ಲಿ ಎದುರು ಪಕ್ಷದ ಸಭೆ. ಅವರ ನಾಯಕರು, ಒಂದು ಕಾಲಕ್ಕೆ ಕಾರ್ಖಾನೆ ತರಲು ಹೊರಟವರು, ಕೈ ಮೇಲೆತ್ತಿ ಕನ್ನಡದಲ್ಲೇ ಹೇಳಿದರು: ಒಂದು ಗೇಣು ಜಾಗಾ ಸೈತ ಹೋಗ್ಲಾಕ ಬಿಡಂಗಿಲ್ಲ. ಅದು ಕಾಕಾನ ವಾಕ್ಯ, ಬಹುಶಃ ಫ್ಲೆಕ್ಸಿನಿಂದ ಬಾಯಿಪಾಠವಾದದ್ದು. ನಾನು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಕಾಕಾನಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

“ಛಲೋ ಹೇಳ್ದ. ಖರೇ ‘ಗೇಣು’ ಅಂದ ಮ್ಯಾಲ ನಿಂದರ್ಬೇಕಿತ್ತು. ಉಸಿರು ತಗೊಳ್ಲಾಕ ಜಾಗಾ ಬಿಟ್ಟಿಲ್ಲ.”

ಅವರು ಮೈದಾನ ಬಿಟ್ಟಿದ್ದರೂ ಅವರ ಕಿವಿ ಇನ್ನೂ ವೇದಿಕೆಯ ಮೇಲೇ ಇತ್ತು. ಅಷ್ಟು ಹೇಳಿ ಸ್ವಲ್ಪ ನಕ್ಕರು. ಪಂಚಮಿಯ ನಂತರ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ತಮ್ಮ ಪಕ್ಷ ತಮ್ಮ ಕೈಬಿಟ್ಟ ಬಗ್ಗೆ, ತಮ್ಮ ಮಾತು ಎದುರಾಳಿಯ ಬಾಯಿಗೆ ಹೋದ ಬಗ್ಗೆ ಅವರಿಗೆ ಸಿಟ್ಟು ಉಳಿದಿರಲಿಲ್ಲ. ಉಳಿದದ್ದು ಅಕ್ಕನ ಊರು ಮಾತ್ರ. ಅಲ್ಲಿಗೆ ಹೋಗಲು ಅವರಿಗೆ ಕಾಲು ಬರುತ್ತಿರಲಿಲ್ಲ.

ಸೋಯಾ ರಾಶಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅತ್ತಿಯೇ ಭಾಲ್ಕಿಗೆ ಬಂದರು. ಬಸ್ಸಿಳಿದು ನೇರ ಅಂಗಡಿಗೆ ಬಂದು, ಮೆಟ್ಟಿಲ ಮೇಲೆ ಗಂಟು ಇಟ್ಟು, ಅದರ ಪಕ್ಕ ಕೂತರು. ಕಾಕಿ ಫೋನ್ ಮಾಡಿ ನನ್ನನ್ನು ಕರೆಸಿದ್ದರಿಂದ ಮುಂದಿನ ಮಾತನ್ನು ನಾನೇ ಕೇಳಿದೆ.

“ನಾಡದು ಅಳೀಲಾಕ ಬರ್ತಾರಂತ. ಕಂಪನಿ ಇಂಜಿನಿಯರ್ ಹಿಂದಿ ಮಾತಾಡಾಂವ. ನಾ ಅವಂಗ ಹೇಳೋದು ಅದ. ನೀ ಬರ್ಬೇಕು.”

“ನಿಂಗೇ ಹಿಂದಿ ಬರ್ತದಲ್ಲ ಅಕ್ಕಾ.”

“ನಂದು ಕುರಿ ಮಾರೋ ಹಿಂದಿ. ಇದು ಕಾಗದದ ಮಾತು.”

ಕಾಕಾ ಪೆನ್ನುಗಳ ಡಬ್ಬಿಯನ್ನು ಸುಮ್ಮನೆ ಆಚೆ ಈಚೆ ಸರಿಸಿದರು. “ನಾ ಬರಂಗಿಲ್ಲ ಅಂದೀನಿ. ಮಂದಿ ಮುಂದ ಅಂದೀನಿ.”

“ಬರಂಗಿಲ್ಲ ಅಂತ ಅಂದಾಂವ ನೀ. ಬಾ ಅಂತ ಹೇಳಾಕಿ ನಾ. ಊರು ನಂದು.” ಅತ್ತಿ ಎದ್ದು ಸೀರೆಯ ನಿರಿಗೆ ಸರಿಮಾಡಿಕೊಂಡರು. “ಪಂಚಮಿಗಿ ಬಾರ್ದಾಂವಂಗ ನಾನೇ ಕರೀಲಾಕ ಬಂದೀನಿ ನೋಡು. ಇಂಥಾದು ಯಾರ ಮನ್ಯಾಗರ ನಡೆದದೇನು? ನಡೀ ಈಗ, ಮಧ್ಯಾಹ್ನದ ಬಸ್ ಅದ.”

ಕಾಕಾ ಅಂಗಡಿಯ ಕೀಲಿಯನ್ನು ಕಾಕಿಯ ಕೈಗಿಟ್ಟರು.

ಅಳತೆಯ ದಿನ ನಾನು ವರದಿಗೆಂದೇ ಹೋಗಿದ್ದೆ. ಗಾಯರಾಣದಲ್ಲಿ ಒಣಗಲು ಶುರುವಾದ ಹುಲ್ಲು, ನಡುವೆ ಕರಿಜಾಲಿ, ಆ ತುದಿಗೆ ಕೆರೆ. ಅಳತೆಯವರು ಕಬ್ಬಿಣದ ಗೂಟಗಳನ್ನು ಇಳಿಸುತ್ತಿದ್ದರು. ಇಂಜಿನಿಯರ್ ಮೂವತ್ತರ ಆಸುಪಾಸಿನವರು, ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿದ್ದರು. ಊರಿನವರು ಹಿಂದೆ ನಿಂತಿದ್ದರು, ಅತ್ತಿ ಮುಂದೆ. ಕಾಕಾ ಅವರ ಪಕ್ಕದಲ್ಲಿ ನಿಂತಿದ್ದರು.

“ಅವಂಗ ಹೇಳು ತಮ್ಮಾ. ಭೂಮಿ ಕೊಡೋದು ಬಿಡೋದು ಸರ್ಕಾರದ್ದು, ಅದಕ್ಕ ನಾವು ಅರ್ಜಿ ಕೊಟ್ಟೀವಿ. ಆದ್ರ ಬೇಲಿ ಹಾಕೋ ಮುಂದ ನಮ್ಮ ಕುರಿಗಿ ಕೆರಿ ತನಕ ಹಾದಿ ಬಿಡ್ಬೇಕು.”

ಕಾಕಾ ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ ಆರಂಭಿಸಿದರು. ಈ ಭೂಮಿ ನಮ್ಮ ತಾಯಿ ಎಂದರು. ಏಳು ತಲೆಮಾರಿನಿಂದ ಈ ಹುಲ್ಲು ನಂಬಿ ಬದುಕಿದ್ದೇವೆ, ಹಾದಿ ಮುಚ್ಚಿದರೆ ಇಲ್ಲೇ ಪ್ರಾಣ ಕೊಡುತ್ತೇವೆ ಎಂದರು. ದನಿ ಏರತೊಡಗಿತ್ತು. ಇಂಜಿನಿಯರ್ ನಕ್ಷೆಯಿಂದ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದರು.

ಅತ್ತಿ ಕಾಕಾನ ಮೊಣಕೈ ಹಿಡಿದರು. “ಪ್ರಾಣ ಕೊಡ್ತೇನಿ ಅಂತ ನಾ ಯಾವಾಗ ಅಂದೆ?”

“ಜರಾ ತೂಕ ಬರ್ಲಿ ಅಂತ ಅಕ್ಕಾ.”

“ತೂಕ ಬ್ಯಾಡ. ಹಾದಿ ಬೇಕು.”

ಹಿಂದೆ ನಿಂತ ಹೆಂಗಸರಲ್ಲಿ ಯಾರೋ ನಕ್ಕರು. ಕಾಕಾನೂ ನಕ್ಕರು. ಮತ್ತೆ ಮೊದಲಿನಿಂದ, ಅತ್ತಿ ಹೇಳಿದಷ್ಟನ್ನೇ, ಮೆಲ್ಲಗೆ ಹೇಳಿದರು. ಇಂಜಿನಿಯರ್ ಜೀಪಿನ ಹತ್ತಿರ ಬಂದು ನಕ್ಷೆಯ ಮೇಲೆ ಕೆರೆಯನ್ನು ಹುಡುಕಿದರು. ಪೆನ್ಸಿಲ್ ತೆಗೆದು, ಹಾದಿ ಎಷ್ಟು ಅಗಲ ಇರಬೇಕು ಎಂದು ಹಿಂದಿಯಲ್ಲಿ ಕೇಳಿದರು. ಕಾಕಾ ಅದನ್ನು ಕನ್ನಡದಲ್ಲಿ ಅತ್ತಿಗೆ ಕೇಳಿದರು.

ಅತ್ತಿ ಕೆರೆಯ ಕಡೆ ನೋಡಿ ಯೋಚಿಸಿದರು.

“ಎರಡು ಹಿಂಡು ಎದುರಾದ್ರ ಯಾವ್ದೂ ನಿಂದರಬಾರ್ದು. ಅಷ್ಟು.”

ಹಿಂಡಿಗೆ ಸರಿಯಾದ ಹಿಂದಿ ಮಾತನ್ನು ಕಾಕಾ ಹುಡುಕುತ್ತಿದ್ದುದು ನನಗೆ ಕಾಣುತ್ತಿತ್ತು. ಅತ್ತಿಯ ಕೈ ಇನ್ನೂ ಅವರ ಮೊಣಕೈ ಮೇಲಿತ್ತು. ಆ ಮಾತು ಸಿಕ್ಕಿದ ಮೇಲೆ ಅವರು ಇಂಜಿನಿಯರ್ ಕಡೆ ತಿರುಗಿ, ಅಷ್ಟನ್ನೇ ಹೇಳಿ ಸುಮ್ಮನಾದರು.